ಮಾದಪ್ಪನ ದಾರಿಯಲ್ಲಿ ನಮ್ಮ ತಪ್ಪಲೆ

ದೇವರು ನಮ್ಮನ್ನು ಉದ್ಧಾರ ಮಾಡಲಿಲ್ಲ, ಮಾಡುವುದೂ ಇಲ್ಲ ಎಂದು ಕೇರಿಯ ಅಂಬೇಡ್ಕರ್ ಭವನದಲ್ಲಿ ಮೈಕು ಹಿಡಿದು ಹೇಳಿದವರು ನಾವು. 1956ರ ಅಕ್ಟೋಬರ್ 14ರಂದು ಬಾಬಾಸಾಹೇಬರು ನಾಗಪುರದಲ್ಲಿ ಬೌದ್ಧ ಧರ್ಮಕ್ಕೆ ಕಾಲಿಟ್ಟಾಗ ಬೋಧಿಸಿದ 22 ಪ್ರತಿಜ್ಞೆಗಳನ್ನು ಹಾಳೆಯಲ್ಲಿ ಬರೆದು ಆ ಗೋಡೆಗೆ ಅಂಟಿಸಿದವರೂ ನಾವೇ. ಅಂಥ ನಾವು ಶಿವರಾತ್ರಿಗೆ ಅವ್ವನ ಹಿಂದೆ ಬರಿಗಾಲಲ್ಲಿ ಮಲೆ ಮಾದಪ್ಪನ ಬೆಟ್ಟಕ್ಕೆ ನಡೆದು ಹೋದೆವು. ಸಂಘದ ಗೆಳೆಯರು ಬೈಯಲಿ. ಬೈಯುವ ಮೊದಲು ಇಷ್ಟು ಓದಲಿ.

ಹರಕೆ ಅವ್ವನದು. ನಮ್ಮ ಅಣ್ಣ ಬೆಂಗಳೂರಿನಲ್ಲಿ ಒಳಚರಂಡಿ ಕೆಲಸಕ್ಕೆ ಹೋಗುತ್ತಿದ್ದ. ಕಂಟ್ರಾಕ್ಟರ ಹೆಸರು ಬೇಡ. ಮುಖಕ್ಕೆ ಒಂದು ಬಟ್ಟೆಯೂ ಕೊಡದೆ ಮ್ಯಾನ್‌ಹೋಲಿಗೆ ಇಳಿಸಿದ. ಹಾಗೆ ಇಳಿಸುವುದು 2013ರ ಕಾಯ್ದೆಯ ಪ್ರಕಾರ ಅಪರಾಧ. ಆದರೂ ಇಳಿಸುತ್ತಾರೆ, ನಮ್ಮವರು ಇಳಿಯುತ್ತಾರೆ, ಯಾಕೆಂದರೆ ಸಂಜೆಗೆ ಅಕ್ಕಿ ಬೇಕು. ಅಣ್ಣನಿಗೆ ಗ್ಯಾಸು ಬಡಿದು ಒಳಗೇ ಕುಸಿದ. ಮೇಲಿದ್ದ ಇಬ್ಬರು ಹುಡುಗರು ಸೊಂಟದ ಹಗ್ಗ ಜಗ್ಗಿ ಎಳೆದುಕೊಂಡರು. ಬದುಕಿದ. ಅಂದಿನಿಂದ ನಾಲ್ಕು ಹೆಜ್ಜೆ ಏರು ಹತ್ತಿದರೆ ಏದುಸಿರು. ಗುಂಡಿಯಲ್ಲಿ ಸತ್ತವರ ಮನೆಗೆ 10 ಲಕ್ಷ ಕೊಡಿ ಎಂದು ಸುಪ್ರೀಂ ಕೋರ್ಟು 2014ರಲ್ಲಿ ಹೇಳಿತು, 2023ರಲ್ಲಿ ಅದನ್ನು 30 ಲಕ್ಷ ಮಾಡಿತು. ಸತ್ತರೆ 30 ಲಕ್ಷ, ಬದುಕಿದರೆ ಹರಕೆ!

ಹೊರಡುವ ಹಿಂದಿನ ರಾತ್ರಿ ಜಗಳವೇ ಆಯಿತು.

'ಉಳಿಸಿದ್ದು ಮಾದಪ್ಪ ಅಲ್ಲ ಕಣವ್ವ, ಹಗ್ಗ ಎಳೆದ ಹುಡುಗರು.'

'ಆ ಐಕ್ಳ ಕೈಗೆ ಸಕ್ತಿ ಕೊಟ್ಟೋನು ಯಾರ್ಲಾ?'

'ಹಂಗಾದ್ರೆ ಆ ಕಂಟ್ರಾಕ್ಟರಿಗೆ ಬುದ್ಧಿ ಯಾಕೆ ಕೊಡಲಿಲ್ಲ ನಿನ್ನ ಮಾದಪ್ಪ?'

ಅವ್ವ ಸುಮಾರು ಹೊತ್ತು ಎಲೆ ಅಡಿಕೆ ಅಗಿದಳು. 'ಅದ್ನ ಬೆಟ್ಟಕ್ ಓಗೇ ಕೇಳನ ಬನ್ರಪ್ಪ' ಅಂದಳು. ಇದಕ್ಕೆ ಯಾವ ಪುಸ್ತಕದಲ್ಲೂ ಉತ್ತರ ಸಿಕ್ಕಲಿಲ್ಲ. ಹೊರಟೆವು.

ಅವ್ವ, ಅಣ್ಣ, ಅತ್ತಿಗೆ, ಅವರ ಎರಡು ಮಕ್ಕಳು, ಕಿರಿಯರಾದ ನಾವಿಬ್ಬರು. ಹರಕೆ ಬರೀ ನಡೆಯುವುದಲ್ಲ, ದಾರಿಯಲ್ಲಿ ಪರಸೆಗೆ ಅನ್ನ ಇಕ್ಕುವುದೂ ಸೇರಿತ್ತು. ಹತ್ತು ಸೇರು ಅಕ್ಕಿ, ಅದಕ್ಕೆ ತಕ್ಕ ಬೆಲ್ಲ, ಒಂದು ದೊಡ್ಡ ತಪ್ಪಲೆ. ಹೊತ್ತವರು ನಾವಿಬ್ಬರು ವಿಚಾರವಾದಿಗಳು. ಕಾಲಿಗೆ ಏನೂ ಇಲ್ಲ. ನಮ್ಮ ತಾತ ಊರಿಗೆಲ್ಲ ಕೆರ ಹೊಲಿದು ಕೊಟ್ಟವನು, ಗೌಡರ ಬೀದಿಗೆ ಬಂದಾಗ ಮಾತ್ರ ತನ್ನ ಕೆರವನ್ನು ಕಂಕುಳಲ್ಲಿ ಇಟ್ಟುಕೊಳ್ಳಬೇಕಾಗಿತ್ತು. ಮೊಮ್ಮಕ್ಕಳು ಪುಣ್ಯಕ್ಕೆಂದು ಬಿಚ್ಚಿಟ್ಟು ಬಂದೆವು.

ಕನಕಪುರ, ಸಾತನೂರು, ದೊಡ್ಡಾಲಹಳ್ಳಿ ದಾಟಿ ಸಂಗಮ. 2022ರ ಜನವರಿ 9ರಂದು ಮೇಕೆದಾಟು ಅಣೆಕಟ್ಟೆ ಬೇಕೆಂದು ಕಾಂಗ್ರೆಸ್ಸಿನವರ ಪಾದಯಾತ್ರೆ ಹೊರಟದ್ದು ಇಲ್ಲಿಂದಲೇ. ಅವರು ಬೆಂಗಳೂರಿನ ದಿಕ್ಕಿಗೆ ನಡೆದರು. ನಾವು ಬೆಂಗಳೂರಿಗೆ ಬೆನ್ನು ಹಾಕಿ ನಡೆದೆವು, ಆದರೆ ಬೆಂಗಳೂರು ನಮಗಿಂತ ಮೊದಲೇ ಸಂಗಮಕ್ಕೆ ಬಂದಿತ್ತು. ಅರ್ಕಾವತಿ ಕಾವೇರಿಗೆ ಸೇರುವ ಕಡೆ ಅಣ್ಣ ನಿಂತು ಮೂಗು ಅರಳಿಸಿದ.

'ಇದು ನಮ್ಮ ನೀರೇ ಕಣ್ರೋ' ಅಂದ.

ಸುಳ್ಳಲ್ಲ. ತೊರೆಕಾಡನಹಳ್ಳಿಯಿಂದ ಕಾವೇರಿಯನ್ನು ಪಂಪು ಮಾಡಿ, ಸುಮಾರು 100 ಕಿಲೋಮೀಟರು ದೂರ ಬೆಂಗಳೂರಿಗೆ ಏರಿಸುವುದು 1974ರಿಂದ ನಡೆದಿದೆ. ಅಲ್ಲಿ ಕುಡಿದು, ತೊಳೆದು, ಕಕ್ಕಸಿಗೆ ಸುರಿದದ್ದರಲ್ಲಿ ಒಂದು ಪಾಲು ವೃಷಭಾವತಿಯಾಗಿ ಹರಿದು ಅರ್ಕಾವತಿಗೆ ಬೀಳುತ್ತದೆ. ಅರ್ಕಾವತಿ ಮತ್ತೆ ಇದೇ ಕಾವೇರಿಗೆ. ಏರುವಾಗ ಅದು ತೀರ್ಥ, ಇಳಿಯುವಾಗ ಅದರ ಬಾಯಿಗೆ ಕಟ್ಟಿಕೊಂಡ ಕಸ ಬಿಡಿಸಲು ನಮ್ಮ ಜನವೇ ಬೇಕು. ಅಣ್ಣ ಉಸಿರು ಬಿಟ್ಟದ್ದು ಈ ನೀರಿನ ದಾರಿಯಲ್ಲೇ. ಇದನ್ನೆಲ್ಲ ಅವ್ವನಿಗೆ ಬಿಡಿಸಿ ಹೇಳಿದೆವು. ಆಕೆ ಕೇಳಿಸಿಕೊಂಡಳು, ಸೆರಗು ಸೊಂಟಕ್ಕೆ ಸಿಕ್ಕಿಸಿ ಮೂರು ಮುಳುಗು ಹಾಕಿ ಎದ್ದಳು. 'ಗಂಗವ್ವ ಏನ್ ಮಾಡಾಳು, ಗಲೀಜು ಬುಟ್ಟೋರ್ನ ಕೇಳಿ' ಅಂದಳು.

ಹೊಳೆಗೆ ಅಡ್ಡಲಾಗಿ ಹಗ್ಗ ಕಟ್ಟಿದ್ದರು. ಸಾವಿರಾರು ಜನ. ಸೊಂಟದ ಮಟ್ಟ ನೀರು, ಅಡಿಯಲ್ಲಿ ಪಾಚಿ ಕಟ್ಟಿದ ಬಂಡೆ. ಅಣ್ಣ ಹಗ್ಗವನ್ನು ಹಿಡಿದು ಒಂದು ಗಳಿಗೆ ಹಾಗೇ ನಿಂತುಬಿಟ್ಟ. ಯಾಕೆಂದು ನಾವು ಕೇಳಲಿಲ್ಲ. ನಡು ಹೊಳೆಯಲ್ಲಿ ಅವ್ವನ ಕಾಲು ಜಾರಿತು. ಮುಂದಿದ್ದ ನಡುವಯಸ್ಸಿನವರೊಬ್ಬರು, ಹೆಗಲ ಮೇಲೆ ಹಸಿರು ಟವೆಲು, ಗಬಕ್ಕನೆ ಆಕೆಯ ರಟ್ಟೆ ಹಿಡಿದರು. 'ಎದುರ್ಕಬ್ಯಾಡ ಕಣವ್ವ, ನಾನಿವ್ನಿ, ಉಘೇ ಮಾದಪ್ಪಾ ಅನ್ನು' ಎಂದು ದಡದವರೆಗೂ ಕೈ ಬಿಡದೆ ತಂದು ಬಿಟ್ಟರು. ಅಷ್ಟು ನೀರಿನಲ್ಲಿ ಯಾರೂ ಯಾರನ್ನೂ ಏನೂ ಕೇಳಲಿಲ್ಲ. ನಿಜ ಹೇಳಬೇಕೆಂದರೆ, ಆಗ ನಮ್ಮ ಬಾಯಲ್ಲೂ ಉಘೇ ಬಂದುಹೋಯಿತು.

ಆಚೆ ದಡದಿಂದ ಕಾಡು. ಆನೆಯ ಭಯಕ್ಕೆ ಗುಂಪು ಬಿಡದೆ ನಡಿಗೆ. ದಾರಿಯಲ್ಲಿ ಪುಣ್ಯಾತ್ಮರು ಮಜ್ಜಿಗೆ, ಪಾನಕ, ಅನ್ನ ಕೊಡುತ್ತಿದ್ದರು. ಎಲ್ಲ ಪೇಪರ್ ತಟ್ಟೆ, ಪ್ಲಾಸ್ಟಿಕ್ ಲೋಟ. ತಿಂದು ಬಿಸಾಕಿದರೆ ಮುಗಿಯಿತು, ಯಾರು ಮುಟ್ಟಿದ ತಟ್ಟೆ ಎಂಬ ಪ್ರಶ್ನೆಯೇ ಇಲ್ಲ. ಸಂವಿಧಾನದ 17ನೇ ವಿಧಿಗೆ ಆಗದ ಕೆಲಸವನ್ನು ಪೇಪರ್ ತಟ್ಟೆ ಮಾಡಿತೇ ಎಂದು ನಾವು ನಗಾಡಿಕೊಂಡು ಹೋದೆವು. ನಗು ಸಂಜೆಯವರೆಗೆ ಮಾತ್ರ ಬಾಳಿತು.

ಶಾಗ್ಯದ ಹತ್ತಿರ ಬಿಡಾರ ಮಾಡಿ, ಮೂರು ಕಲ್ಲು ಹೂಡಿ ಬೆಲ್ಲದನ್ನ ಬೇಯಿಸಿದೆವು. ಅವ್ವ ತಪ್ಪಲೆಗೆ ವಿಭೂತಿ ಹಚ್ಚಿ 'ಬನ್ರಪ್ಪ, ಮಾದಪ್ಪನ ಪರ್ಸಾದ' ಎಂದು ಕೂಗಿದಳು. ಬಂದರು. ಮೊದಲು ಬಂದವರು ಹಸಿರು ಟವೆಲಿನವರೇ. ತಟ್ಟೆ ಮುಂದೆ ಹಿಡಿದು, ಸುಮ್ಮನೆ ಮಾತಿಗೆಂಬಂತೆ ಕೇಳಿದರು: 'ಯಾವೂರಾಯ್ತವ್ವ? ಊರಲ್ಲಿ ಯಾವ ಕಡೆ ಮನೆ?'

ಓದುಗರಿಗೆ ಈ 'ಯಾವ ಕಡೆ' ಎಂಬುದರ ಅರ್ಥ ಹೇಳಬೇಕಾಗಿಲ್ಲ. ಅವ್ವ ಹೇಳಿದಳು. ಸುಳ್ಳು ಹೇಳುವ ಅಭ್ಯಾಸ ಆಕೆಗಿಲ್ಲ.

ತಟ್ಟೆ ಹಿಂದಕ್ಕೆ ಹೋಯಿತು. ಕೋಪದಿಂದಲ್ಲ, ಬೈಗುಳದಿಂದಲ್ಲ, ಬಹಳ ಮೆತ್ತಗೆ. 'ಈಗ್ ತಾನೇ ಉಂಡೆ ಕಣವ್ವ, ಒಟ್ಟೆ ತುಂಬದೆ. ಬೆಳಗ್ಗೆ ನೋಡನ.' ಅವರ ಹಿಂದಿದ್ದ ಸಾಲೂ ಹಾಗೇ ಕರಗಿತು. ನಮಗೆ ಅವರು ಉಣ್ಣಿಸಬಹುದು, ನಾವು ಕೈಯೊಡ್ಡಬಹುದು. ಅದು ಪುಣ್ಯ. ನಾವು ಸೌಟು ಹಿಡಿದರೆ ಮಾತ್ರ ಹೊಟ್ಟೆ ತುಂಬಿರುತ್ತದೆ. ನಮ್ಮಲ್ಲಿ ಕಿರಿಯವನು ಎದ್ದೇಬಿಟ್ಟ, ಕೊರಳಪಟ್ಟಿ ಹಿಡಿದು ಕೇಳುತ್ತೇನೆಂದು. ಅಣ್ಣ ತಡೆದ. 'ಹೊಳೇಲಿ ಅವ್ವನ್ನ ಹಿಡ್ಕಂಡೋನು ಅವ್ನೇ ಕಣ್ಲಾ' ಅಂದ. ಆ ಮಾತು ನಮ್ಮನ್ನು ಕಟ್ಟಿಹಾಕಿತು. ಇವತ್ತಿಗೂ ಅದಕ್ಕೆ ಏನು ಹೇಳಬೇಕೋ ಗೊತ್ತಿಲ್ಲ. ಬೈದವನಾಗಿದ್ದರೆ ಸುಲಭವಾಗುತ್ತಿತ್ತು.

ರಾತ್ರಿ ಒಬ್ಬ ಮುದುಕ ದೇವರಗುಡ್ಡ ಬಂದು ಏನೂ ಕೇಳದೆ ಕೂತು ಮೂರು ಸಲ ಹಾಕಿಸಿಕೊಂಡು ಉಂಡ. ಉಂಡು ಕಂಸಾಳೆ ತೆಗೆದು ಶ್ರವಣ ದೊರೆಯ ಕತೆ ಹೇಳಿದ. ದೇವಾನುದೇವತೆಗಳನ್ನೆಲ್ಲ ಸೆರೆಯಿಟ್ಟು ಜೀತಕ್ಕೆ ಹಚ್ಚಿದ ದೊರೆಯನ್ನು ಕೊಲ್ಲಲು ಮಾದಪ್ಪನ ಮಾಯೆ ಸಾಲಲಿಲ್ಲ, ಮಾದಾರ ಹರಳಯ್ಯ ಹೊಲಿದ ಅರಗಿನ ಕೆರ ಬೇಕಾಯಿತು. ನಮ್ಮ ತಾತನೂ ಇದನ್ನು ಹೇಳುತ್ತಿದ್ದ, ಕೊನೆಗೆ 'ನಮ್ ಕೆರ ಇಲ್ದಿದ್ರೆ ಅವ್ನಿಗೆ ಬೆಟ್ಟ ಎಲ್ಲಿತ್ತು' ಎಂದು ಸೇರಿಸುತ್ತಿದ್ದ. ಆಚೆ ಬೆಂಕಿಯ ಸುತ್ತ ಕೂತವರೂ ಕತೆಗೆ ಕಿವಿಗೊಟ್ಟು ತಲೆದೂಗಿದರು. ಕತೆಯಲ್ಲಿ ಹರಳಯ್ಯ ಅವರಿಗೆ ಬೇಕು.

ತಪ್ಪಲೆಯಲ್ಲಿ ಮುಕ್ಕಾಲು ಪಾಲು ಉಳಿಯಿತು. ಅವ್ವ ಒಂದು ಅಗುಳೂ ಚೆಲ್ಲಗೊಡಲಿಲ್ಲ. ಬೆಳಗ್ಗೆ ಗಾರ್ಮೆಂಟ್ಸ್ ಕೆಲಸದ ಒಂದು ಹುಡುಗರ ಗುಂಪು ಹಸಿದು ಬಂದು, ತಪ್ಪಲೆಗೇ ಕೈ ಹಾಕಿ ಬಳಿದು ತಿಂದು, 'ಸೂಪರ್ ಅಜ್ಜಿ' ಎಂದು ಹೋಯಿತು. ಅವರು ಯಾವ ಕಡೆಯವರೋ, ನಾವೂ ಕೇಳಲಿಲ್ಲ.

ಮುಂದೆ ಕೌದಳ್ಳಿ, ತಾಳಬೆಟ್ಟ, ಏರು. ಅಣ್ಣನನ್ನು ಹತ್ತಿಸಲು ಒಂದು ಹಗಲು ಹಿಡಿಯಿತು. ಅಂತರಗಂಗೆಯಲ್ಲಿ ಮಿಂದು ಸಾಲಿನಲ್ಲಿ ನಿಂತು ನಿಂತು ಕೊನೆಗೆ ಮಾದಪ್ಪನ ಮುಂದೆ ಬಂದೆವು. ಹೊರಗೆ ಬಂದ ಮೇಲೆ ಕೇಳಿದೆವು: 'ಕಂಟ್ರಾಕ್ಟರ ವಿಷಯ ಕೇಳಿದ್ಯಾ ಅವ್ವ?'

'ಎಲ್ಲಿ ಕೇಳಕ್ ಬುಟ್ರು? ಮುಂದಕ್ ನಡಿ ನಡಿ ಅಂತ ನೂಕ್ಬುಟ್ರು.'

ಸಂಜೆ ಗುಡಿಯ ಸುತ್ತ ಹೆಂಗಸರು ಪೊರಕೆ ಹಿಡಿದು ಗುಡಿಸುತ್ತಿದ್ದರು. ರಜ ಹೊಡೆಯುವ ಸೇವೆ ಅದರ ಹೆಸರು. ಹರಕೆ ಹೊತ್ತು ಬಂದು ದೇವರ ಅಂಗಳದ ಧೂಳು ಗುಡಿಸುವುದು. ನಮ್ಮ ಅತ್ತಿಗೆ ಬೆಂಗಳೂರಿನಲ್ಲಿ ಪೌರಕಾರ್ಮಿಕಳು, ಹೊತ್ತು ಮೂಡುವ ಮೊದಲೇ ಬೀದಿಯಲ್ಲಿ ಪೊರಕೆ ಹಿಡಿದಿರುತ್ತಾಳೆ. ಮೆಟ್ಟಿಲ ಮೇಲೆ ಕಾಲು ಚಾಚಿ ಕೂತಿದ್ದಳು. ಒಬ್ಬಾಕೆ ಸುತ್ತು ಮುಗಿಸಿ ಬಂದು ಪೊರಕೆ ನೀಡಿದಳು.

'ತಗಳವ್ವ, ನೀನೂ ಒಂದ್ ಸುತ್ತು ಹೊಡಿ. ಪುಣ್ಯ ಬತ್ತದೆ.'

'ದಿನಾ ಹೊಡೀತೀನಿ ಕಣಕ್ಕ. ಇವತ್ತು ನಂಗೆ ರಜ.'

ಅವ್ವ ಗದರಲು ಬಾಯಿ ತೆರೆದವಳು ನಕ್ಕುಬಿಟ್ಟಳು. ಅಣ್ಣನ ನಗು ಕೆಮ್ಮಿಗೆ ತಿರುಗಿ ಎದೆ ಹಿಡಿದುಕೊಂಡ. ಬಾಟಲಿಯಲ್ಲಿ ನೀರು ಮುಗಿದಿತ್ತು. ನಾವಿಬ್ಬರೂ ನಲ್ಲಿ ಹುಡುಕಿಕೊಂಡು ಹೋದೆವು.