ಹಿಂದಿನ ಬೆಂಚಿನ ಹುಡುಗ

ಮಾಲ್ಡೀವ್ಸಿನ ಚಿಕ್ಕ ದ್ವೀಪವೊಂದರ ಶಾಲೆಯಲ್ಲಿ ನಾನು ಎರಡು ವರ್ಷ ಪಾಠ ಹೇಳಿದೆನು. ಸುಮಾರು 1,200 ದ್ವೀಪಗಳ ಆ ನಾಡಿನಲ್ಲಿ ಜನವಸತಿಯಿರುವವು 200ಕ್ಕೂ ಕಡಿಮೆ. ಭಾರತದಿಂದ ಹೋದ ಉಪಾಧ್ಯಾಯರು ಅಲ್ಲಿ ಬಹು ಮಂದಿ.

ನನ್ನ ತರಗತಿಯ ಹಿಂದಿನ ಬೆಂಚಿನಲ್ಲಿ ಕಿವಿ ಕೇಳದ ಹುಡುಗನೊಬ್ಬನು ಕುಳಿತಿರುತ್ತಿದ್ದನು. ಅವನ ಕೈಗೆ ಬಣ್ಣದ ಪೆನ್ಸಿಲು ಕೊಟ್ಟು, ದೋಣಿಯ ಚಿತ್ರ ಬರೆಯುವಂತೆ ಸನ್ನೆ ಮಾಡಿ, ನಾನು ಉಳಿದವರತ್ತ ತಿರುಗುತ್ತಿದ್ದೆನು. ಅವರ ಭಾಷೆಯಲ್ಲಿಯೂ ದೋಣಿಗೆ ದೋಣಿಯೆಂದೇ ಹೆಸರು. ಗದ್ದಲ ಮಾಡದ ಮಗುವೆಂದು ಅವನನ್ನು ಮೆಚ್ಚಿಯೂ ಇದ್ದೆನು!

ಒಂದು ಸಂಜೆ ಅವನ ತಾಯಿ ಆ ಚಿತ್ರಗಳ ಕಟ್ಟನ್ನು ನನ್ನ ಮುಂದಿಟ್ಟು, ತನಗೆ ಬಂದಷ್ಟು ಇಂಗ್ಲಿಷಿನಲ್ಲಿ ಕೇಳಿದಳು: “ಸಾರ್, ಇವನು ಓದಲು ಕಲಿಯುವುದು ಯಾವಾಗ?”

ನನ್ನಲ್ಲಿ ಉತ್ತರವಿರಲಿಲ್ಲ. ಅಂಗವಿಕಲರ ಹಕ್ಕುಗಳಿಗೆ ಅಲ್ಲಿ 2010ರಲ್ಲಿಯೇ ಕಾನೂನಾಗಿದೆ. ಎಲ್ಲ ಮಕ್ಕಳನ್ನೂ ಶಾಲೆ ಒಳಗೊಳ್ಳಬೇಕೆಂಬ ನೀತಿ 2013ರಲ್ಲಿ ಬಂದಿದೆ. ಆದರೆ ಕಾಗದವು ಕಡಲು ದಾಟಿ ಬಂದಷ್ಟು ಸುಲಭವಾಗಿ, ಕೈಸನ್ನೆಯ ಭಾಷೆ ಬಲ್ಲ ಉಪಾಧ್ಯಾಯರು ಪ್ರತಿಯೊಂದು ದ್ವೀಪಕ್ಕೂ ಬರಲಾರರಷ್ಟೆ. ಬಾರದವರ ಬದಲು ನಾನಾದರೂ ನಾಲ್ಕು ಸನ್ನೆ ಕಲಿಯಬಹುದಿತ್ತು, ಕಲಿಯಲಿಲ್ಲ.

ಮರುತಿಂಗಳು ಆಕೆ ಮನೆಗೆ ಬೀಗವಿಕ್ಕಿ, ಮಗನೊಡನೆ ರಾಜಧಾನಿ ಮಾಲೆಗೆ ಹೊರಟಳು. ದೋಣಿ ದಡ ಬಿಟ್ಟಾಗ ಹುಡುಗನು ನನ್ನತ್ತ ಕೈಬೀಸಿದನು. ಎರಡು ವರ್ಷಗಳಲ್ಲಿ ಅವನಾಡಿದ ಮಾತುಗಳೊಳಗೆ ನನಗೆ ತಿಳಿದುದು ಅದೊಂದೇ.