ಮರಳು, ಕೆಸರು ಮತ್ತು ನಲವತ್ತು ನಿಮಿಷ

ಬೆಲ್ಜಿಯಂನ ಪಶ್ಚಿಮ ತುದಿಯಲ್ಲಿ, ಫ್ರಾನ್ಸಿನ ಗಡಿಗೆ ಹತ್ತಿರ, ಕೊಕ್ಸೈಡೆ ಎಂಬ ಕಡಲ ಬದಿಯ ಊರಿದೆ. ಅಲ್ಲಿನ ‘ಹೋಗೆ ಬ್ಲೆಕ್ಕರ್’ ಎಂಬ ಮರಳ ದಿಬ್ಬ ಆ ದೇಶದ ಇಡೀ ಕರಾವಳಿಗೇ ಎತ್ತರದ್ದು. ಎಷ್ಟೆಂದು ಕೇಳಿದರೆ, 33 ಮೀಟರ್! ಘಟ್ಟದ ಬುಡದಲ್ಲಿ ಹುಟ್ಟಿದ ನನಗೆ ಅದನ್ನು ಗುಡ್ಡ ಎನ್ನಲು ಬಾಯಿ ಬರಲಿಲ್ಲ. ಪುಣೆಯಲ್ಲಿ ನಮ್ಮ ಹನ್ನೊಂದನೇ ಮಹಡಿಯ ಬಾಲ್ಕನಿಯೇ ಹೆಚ್ಚುಕಡಿಮೆ ಅಷ್ಟು ಎತ್ತರದಲ್ಲಿದೆ. ಆದರೆ ಡಿಸೆಂಬರಿನ ಒಂದು ಬೆಳಿಗ್ಗೆ, ಸಮುದ್ರದಿಂದ ಬೀಸುವ ಗಾಳಿಗೆ ಕಿವಿ ಮರಗಟ್ಟುತ್ತಿರುವಾಗ, ಅಂಥ ಮರಳನ್ನು ಹತ್ತಿ ನೋಡಬೇಕು. ಒಂದು ಹೆಜ್ಜೆ ಮೇಲಿಟ್ಟರೆ ಮುಕ್ಕಾಲು ಹೆಜ್ಜೆ ಕೆಳಗೆ ಜಾರುತ್ತದೆ. ಇಂಥ ನೆಲದಲ್ಲಿ ಸೈಕಲ್ ತುಳಿಯುವುದನ್ನು, ತುಳಿಯಲಾಗದ ಕಡೆ ಅದನ್ನು ಹೆಗಲಿಗೇರಿಸಿಕೊಂಡು ಓಡುವುದನ್ನು ಈ ಸೀಮೆಯ ಜನ ಚಳಿಗಾಲದ ದೊಡ್ಡ ಆಟ ಮಾಡಿಕೊಂಡಿದ್ದಾರೆ.

ಆಟದ ಹೆಸರು ಸೈಕ್ಲೋಕ್ರಾಸ್. ಫ್ಲಾಂಡರ್ಸ್‌ನವರು ಚಿಕ್ಕದಾಗಿ ‘ಕ್ರಾಸ್’ ಎನ್ನುತ್ತಾರೆ. ಹುಟ್ಟಿದ್ದು ಫ್ರಾನ್ಸಿನಲ್ಲಿ, ಅಲ್ಲಿನ ಮೊದಲ ರಾಷ್ಟ್ರೀಯ ಸ್ಪರ್ಧೆ 1902ರಲ್ಲಿ, ಮೊದಲ ವಿಶ್ವ ಚಾಂಪಿಯನ್‌ಶಿಪ್ 1950ರಲ್ಲಿ ಪ್ಯಾರಿಸ್‌ನಲ್ಲಿ. ಈಗ ಅದರ ಮನೆ ಬೆಲ್ಜಿಯಂ ಮತ್ತು ನೆದರ್‌ಲ್ಯಾಂಡ್ಸ್. ಎರಡೂವರೆಯಿಂದ ಮೂರೂವರೆ ಕಿಲೋಮೀಟರಿನ ಒಂದು ಸುತ್ತು. ಅದರೊಳಗೆ ಹುಲ್ಲು, ಕೆಸರು, ಮರಳು, ಮೆಟ್ಟಿಲು, ನಲವತ್ತು ಸೆಂಟಿಮೀಟರ್ ಎತ್ತರದ ಅಡ್ಡ ಹಲಗೆ. ದೊಡ್ಡವರ ಪುರುಷರ ಸ್ಪರ್ಧೆ ಸುಮಾರು ಒಂದು ಗಂಟೆ. ದೊಡ್ಡ ಪಂದ್ಯಗಳಲ್ಲಿ ಟೈರು 33 ಮಿಲಿಮೀಟರಿಗಿಂತ ಅಗಲ ಇರುವಂತಿಲ್ಲ. ಹೆಬ್ಬೆರಳಿಗಿಂತ ಸ್ವಲ್ಪ ದಪ್ಪ, ಅಷ್ಟೆ. ಅಗಲ ಟೈರು ಕೊಟ್ಟರೆ ಕೆಸರು ಸುಲಭವಾಗುತ್ತದಲ್ಲ, ಸುಲಭವಾದರೆ ನೋಡಲು ಯಾರು ಬರುತ್ತಾರೆ!

ಜನ ಬರುವುದಂತೂ ಹೇಳಿ ಮುಗಿಯದು. 2012ರಲ್ಲಿ ಇದೇ ಕೊಕ್ಸೈಡೆಯಲ್ಲಿ ವಿಶ್ವ ಚಾಂಪಿಯನ್‌ಶಿಪ್ ನಡೆದಾಗ ನೀಲ್ಸ್ ಆಲ್ಬರ್ಟ್ ಗೆದ್ದ. ಅವನ ಹಿಂದೆ ಏಳನೇ ಸ್ಥಾನದವರೆಗೂ ಬಂದವರೆಲ್ಲ ಬೆಲ್ಜಿಯಂನವರೇ. ‘ವಿಶ್ವ’ ಎಂಬ ಮಾತಿಗೆ ಇಲ್ಲಿ ಅರ್ಥ ಕೊಂಚ ಸಣ್ಣದು ಎಂದು ನನಗೆ ನಗು ಬಂದಿತ್ತು. ಆಮೇಲೆ ಯೋಚಿಸಿದೆ: ನಮ್ಮ ಕಂಬಳವೂ ಹಾಗೆಯೇ ಅಲ್ಲವೇ. ಎರಡು ಜಿಲ್ಲೆಯ ಆಚೆ ಬಹುಪಾಲು ಜನರಿಗೆ ಕೋಣಗಳ ಹೆಸರು ಗೊತ್ತಿಲ್ಲ. ಒಳಗಿನವರು ಇರುಳಿಡೀ ಗದ್ದೆಯ ಬದಿ ಬಿಟ್ಟು ಕದಲುವುದಿಲ್ಲ. ಇಲ್ಲೂ ಅಷ್ಟೆ. ರಬ್ಬರ್ ಬೂಟು ಹಾಕಿಕೊಂಡು, ಒಂದು ಕೈಯಲ್ಲಿ ಬಿಯರು, ಇನ್ನೊಂದರಲ್ಲಿ ಮೇಯೊನೀಸ್ ಸುರಿದ ಆಲೂಗಡ್ಡೆ ಫ್ರೈಸು ಹಿಡಿದು, ಹಗ್ಗದ ಆಚೆ ನಿಂತು ಅಜ್ಜಿಯರೂ ಕೂಗುತ್ತಾರೆ.

ನಾನು ಗೆಂಟ್ ನಗರಕ್ಕೆ ಹೋದದ್ದು ಐದು ತಿಂಗಳ ಪ್ರಾಜೆಕ್ಟಿಗೆ. ಎದುರಿನ ಮೇಜಿನ ಸಹೋದ್ಯೋಗಿಗೆ ನಲವತ್ತೊಂದು ವರ್ಷ, ಇಬ್ಬರು ಮಕ್ಕಳು, ಜನವರಿಯಲ್ಲಿ ಹವ್ಯಾಸಿಗಳ ಪ್ರಾಂತೀಯ ಚಾಂಪಿಯನ್‌ಶಿಪ್. ಅವನ ವಯೋಮಾನದವರಿಗೆ ನಲವತ್ತು ನಿಮಿಷದ ಸ್ಪರ್ಧೆ. ಇಪ್ಪತ್ತನಾಲ್ಕು ವರ್ಷ ಅವನ ಪಿಟ್ ನೋಡಿಕೊಂಡದ್ದು ಅವನ ಅಪ್ಪ. ಸೆಪ್ಟೆಂಬರಿನಲ್ಲಿ ಅವರಿಗೆ ಪಾರ್ಶ್ವವಾಯು ಬಡಿದು ಬಲಗೈ ಸ್ವಾಧೀನದಲ್ಲಿರಲಿಲ್ಲ. ಈ ವರ್ಷ ಇಳಿಯುವುದಿಲ್ಲ ಎಂದು ಮಗ ಹೇಳಿದಾಗ ಅಪ್ಪ ಎರಡು ದಿನ ಮಾತು ಬಿಟ್ಟರಂತೆ. ಕೊನೆಗೆ ಕಂಡುಕೊಂಡ ದಾರಿ, ಪುಣೆಯಿಂದ ಬಂದಿದ್ದ ನಾನು.

ಪಿಟ್ ಎಂದರೇನು ಎಂದು ಹೇಳಿಬಿಡುತ್ತೇನೆ. ಪ್ರತಿ ಸವಾರನಿಗೂ ಎರಡು ಸೈಕಲ್ ಇರುತ್ತವೆ. ಒಂದರಲ್ಲಿ ಅರ್ಧ ಸುತ್ತು ಹೋಗುವಷ್ಟರಲ್ಲಿ ಚಕ್ರ, ಚೈನು, ಬ್ರೇಕಿಗೆಲ್ಲ ಕೆಸರು ಮೆತ್ತಿ, ಎಂಟು ಕಿಲೋದ ಸೈಕಲ್ ಇನ್ನೆರಡು ಕಿಲೋ ಏರುತ್ತದೆ. ಪಿಟ್‌ನಲ್ಲಿ ಅದನ್ನು ಬಿಟ್ಟು ತೊಳೆದದ್ದನ್ನು ಹತ್ತಿಕೊಂಡು ಹೋಗುತ್ತಾರೆ. ಬೇರೆಲ್ಲೂ ಬದಲಿಸುವಂತಿಲ್ಲ, ಪಿಟ್ ದಾಟಿದ ಮೇಲೆ ಪಂಕ್ಚರ್ ಆದರೆ ಮುಂದಿನ ಪಿಟ್‌ವರೆಗೆ ಹೊತ್ತು ಓಡಬೇಕು, ಇಲ್ಲವೇ ನೆಲಕ್ಕಂಟಿದ ಟೈರಿನಲ್ಲೇ ತುಳಿಯಬೇಕು. ಕೆಳಗಿನವನು ಕೊಳಕು ಸೈಕಲ್ ಹಿಡಿದು, ಪ್ರೆಶರ್ ವಾಷರಿನ ಸರದಿಗೆ ಓಡಿ, ತೊಳೆದು, ಚೈನಿಗೆ ಎಣ್ಣೆ ಬಿಟ್ಟು, ಮುಂದಿನ ಏರಿಗೆ ತಕ್ಕ ಗೇರಿಗೆ ಹಾಕಿ, ಅವನು ಬರುವುದರೊಳಗೆ ಮರಳಬೇಕು. ಮೇಲಿನವನಿಗೆ ಹೆಸರು, ಕೆಳಗಿನವನಿಗೆ ತಣ್ಣೀರು.

ಹಿರಿಯರನ್ನು ನಾನು ‘ಮೆನೇರ್’ ಎನ್ನುತ್ತಿದ್ದೆ, ಅವರ ಭಾಷೆಯಲ್ಲಿ ‘ರಾಯರೇ’ ಎಂದ ಹಾಗೆ. ಅವರಿಗೆ ಇಂಗ್ಲಿಷ್ ಬಾರದು, ನನಗೆ ಡಚ್ ಬಾರದು. ಬುಧವಾರ ಸಂಜೆ ಗ್ಯಾರೇಜಿನಲ್ಲಿ ಪಾಠ. ಎಡಗೈಯಿಂದ ತೋರಿಸುವರು, ನಾನು ಮಾಡುವುದು, ತಲೆ ಅಲ್ಲಾಡಿಸುವರು, ಮತ್ತೆ ಮಾಡುವುದು. ಟೈರಿನ ಗಾಳಿಯ ವಿಷಯದಲ್ಲಿ ಮಾತ್ರ ಅವರು ಮೀಟರ್ ನಂಬುತ್ತಿರಲಿಲ್ಲ. ನಮ್ಮ ಕಾರಿಗೆ 32 ಪಿಎಸ್ಐ ಹಾಕಿಸುತ್ತೇವಲ್ಲ, ಇವಕ್ಕೆ ಇಪ್ಪತ್ತರ ಆಸುಪಾಸು; ಮರಳಿಗೆ ಇನ್ನೂ ಕಡಿಮೆ. ಹೆಬ್ಬೆರಳಿನಿಂದ ಒತ್ತಿ ‘ಇನ್ನಷ್ಟು’ ಎಂದು ಸನ್ನೆ ಮಾಡುವರು. ಗಾಳಿ ಇಳಿದಷ್ಟೂ ಟೈರು ಚಪ್ಪಟೆಯಾಗಿ ಮರಳ ಮೇಲೆ ಹರಡಿಕೊಳ್ಳುತ್ತದೆ, ತೀರ ಇಳಿಸಿದರೆ ಬೇರಿಗೆ ತಾಗಿ ರಿಮ್ಮು ಹೋಗುತ್ತದೆ.

ಮಗನ ದೈಹಿಕ ತಯಾರಿ ನಾನು ಎಣಿಸಿದಷ್ಟು ಉದ್ದದ್ದಾಗಿರಲಿಲ್ಲ. ಗಂಟೆಗಟ್ಟಲೆ ತುಳಿಯುವುದೆಲ್ಲ ಬೇಸಿಗೆಗೆ ಮುಗಿದಿರುತ್ತದೆ. ಚಳಿಗಾಲದಲ್ಲಿ ಚಿಕ್ಕದು, ಕಠೋರವಾದದ್ದು: ಮೂವತ್ತು ಸೆಕೆಂಡ್ ಪ್ರಾಣ ಬಿಟ್ಟು ತುಳಿ, ಮೂವತ್ತು ಸೆಕೆಂಡ್ ಸುಮ್ಮನೆ ತುಳಿ, ಹೀಗೆ ಹತ್ತು ಸಲ. ಹಣೆಗೆ ಲೈಟು ಕಟ್ಟಿಕೊಂಡು ಪಾರ್ಕಿನ ಮೆಟ್ಟಿಲುಗಳನ್ನು ಸೈಕಲ್ ಹೊತ್ತು ಓಡು. ಓಡುವ ಸೈಕಲಿನಿಂದ ಇಳಿ, ಹಲಗೆ ದಾಟು, ಹಾರಿ ಸೀಟಿನ ಮೇಲೆ ಕೂರು. ಈ ಹಾರಿ ಕೂರುವುದನ್ನು ನೋಡಿದರೆ ಗಂಡಸರಿಗೆ ಎದೆ ಝಲ್ಲೆನ್ನುತ್ತದೆ, ತೊಡೆಯ ಒಳಬದಿ ಮೊದಲು ತಾಗಬೇಕು ಎಂಬುದೇ ಗುಟ್ಟು. ಮಳೆ ಬಂದರೆ ತರಬೇತಿ, ಬಿಸಿಲು ಬಂದರೆ ಮನೆಯ ಬಟ್ಟೆ ಒಗೆಯುವುದು.

ಭಾನುವಾರಗಳಂದು ಕೊಕ್ಸೈಡೆಯ ಕಡಲ ತೀರ. ಗೆಂಟ್‌ನಿಂದ ರೈಲಿನಲ್ಲಿ ಗಂಟೆಗೂ ಸ್ವಲ್ಪ ಹೆಚ್ಚು ದಾರಿ. ತೀರದ ಉದ್ದಕ್ಕೂ 67 ಕಿಲೋಮೀಟರ್ ಟ್ರಾಮ್ ಓಡುತ್ತದೆ. ಪಕ್ಕದ ಓಸ್ಟ್‌ಡಾಯ್ನ್‌ಕೆರ್ಕೆಯಲ್ಲಿ ಕುದುರೆಯ ಮೇಲೆ ಕುಳಿತು ಸಮುದ್ರಕ್ಕಿಳಿದು ಸಿಗಡಿ ಹಿಡಿಯುವವರಿದ್ದಾರೆ. 2013ರಲ್ಲಿ ಯುನೆಸ್ಕೊ ಆ ಕಸುಬನ್ನು ತನ್ನ ಪಟ್ಟಿಗೆ ಸೇರಿಸಿತು. ಸಿಗಡಿಯ ಊರು ಎಂದ ಕೂಡಲೇ ನನಗೆ ಅದು ಪರಕೀಯವಾಗಿ ಉಳಿಯಲಿಲ್ಲ ಬಿಡಿ. ನೀರು ತಾಗಿದ ಗಟ್ಟಿ ಮರಳಿನಿಂದ ಒಣ ಮರಳಿಗೆ ವೇಗವಾಗಿ ನುಗ್ಗುವುದು ಅವನ ಅಭ್ಯಾಸ. ಮೈಭಾರ ಹಿಂದಕ್ಕೆ, ಕೈ ಸಡಿಲ, ಹ್ಯಾಂಡಲ್ ತಿರುಗಿಸಲು ಹೋಗಬಾರದು. ಮುಂದಿನ ಚಕ್ರ ತನ್ನ ದಾರಿ ತಾನೇ ಹುಡುಕಿಕೊಳ್ಳಲಿ. ಕಾಲು ನಿಲ್ಲಿಸಿದ ಕ್ಷಣ ಚಕ್ರ ಹೂತುಹೋಗುತ್ತದೆ. ಎಂಟು ಮೀಟರ್, ಹನ್ನೊಂದು ಮೀಟರ್, ಕ್ರಿಸ್‌ಮಸ್ ಹೊತ್ತಿಗೆ ಇಪ್ಪತ್ತು ಮೀಟರ್. ನಾನು ಹೆಜ್ಜೆ ಹಾಕಿ ಅಳೆದು ಬರೆದಿಡುತ್ತಿದ್ದೆ.

ಮನಸ್ಸಿನ ತಯಾರಿ ಹೆಚ್ಚು ವಿಚಿತ್ರವಾಗಿತ್ತು. ಹಿಂದಿನ ದಿನ ಅಪ್ಪ, ಮಗ, ನಾನು ಮೂವರೂ ಸುತ್ತನ್ನು ನಡೆದು ನೋಡಿದೆವು. ರೈತರೊಬ್ಬರ ಹುಲ್ಲುಗಾವಲು, ಒಂದು ಕಾಲುವೆಯ ದಂಡೆ, ಲಾರಿಗಟ್ಟಲೆ ತಂದು ಸುರಿದ ಮರಳ ಪಟ್ಟಿ. ಹಿರಿಯರು ಕೋಲು ಊರಿಕೊಂಡು ಪ್ರತಿ ತಿರುವಿನಲ್ಲೂ ನಿಂತು ಒಂದೇ ಮಾತು ಹೇಳುತ್ತಿದ್ದರು. ಮಗ ಅನುವಾದಿಸಿದ: “ಇಲ್ಲಿ ನಿನಗೆ ಸುಸ್ತಾಗಿರುತ್ತದೆ.” ಅಂದರೆ ಈಗ, ಉಸಿರು ಸರಿಯಿರುವಾಗ ಚೆಂದ ಕಾಣುವ ದಾರಿಯನ್ನು ಆರಿಸಬೇಡ, ಕೊನೆಯ ಸುತ್ತಿನಲ್ಲಿ, ಕಣ್ಣು ಮಂಜಾದಾಗಲೂ ಬೀಳದೆ ಹೋಗಬಲ್ಲ ದಾರಿಯನ್ನು ಆರಿಸು. ಪ್ರತಿ ತಿರುವಿಗೆ ಎರಡು ದಾರಿ ಗುರುತಿಟ್ಟರು, ಬೆಳಿಗ್ಗೆಯ ಪಂದ್ಯಗಳು ಒಂದನ್ನು ಉತ್ತು ಹಾಕಿದರೆ ಇನ್ನೊಂದಿರಲಿ ಎಂದು.

ಅಂದು ರಾತ್ರಿ ಅಡುಗೆಮನೆಯ ಕುರ್ಚಿಯಲ್ಲಿ ಅವನು ಕಣ್ಣು ಮುಚ್ಚಿ ಕೂತ. ಸ್ಟಾಪ್‌ವಾಚ್ ನನ್ನ ಕೈಯಲ್ಲಿ. ಮನಸ್ಸಿನಲ್ಲೇ ಒಂದು ಸುತ್ತು ತುಳಿದು, ಮುಗಿದಾಗ ಕೈ ಎತ್ತಬೇಕು. ನಿಜದ ಸುತ್ತಿಗೆ ಎಂಟು ನಿಮಿಷದ ಅಂದಾಜು. ಮೊದಲ ಸಲ ಅವನು ಐದೂವರೆಗೇ ಕೈ ಎತ್ತಿದ. ಎಲ್ಲೋ ಹಾರಿಸಿದ್ದೀಯ ಎಂದರು ಅಪ್ಪ. ಯಾವುದೆಂದು ಅವನಿಗೇ ಹೊಳೆಯಿತು: ಮರಳ ಪಟ್ಟಿ. ಭಯವಿರುವ ಜಾಗವನ್ನು ಮನಸ್ಸು ಓಡಿ ದಾಟಿಬಿಡುತ್ತದೆಯಂತೆ. ಮೂರನೆಯ ಸಲ ಏಳು ನಿಮಿಷ ಐವತ್ತು ಸೆಕೆಂಡ್. ಆಮೇಲೆ ಊಟ. ಹವಾಮಾನದ ಆ್ಯಪ್ ನೋಡಬಾರದು ಎಂದು ಅವನ ಹೆಂಡತಿ ಫೋನ್ ಕಸಿದುಕೊಂಡಳು.

ಬೆಳಿಗ್ಗೆ ಎರಡು ಡಿಗ್ರಿ, ಜಿನುಗು ಮಳೆ. ವ್ಯಾನಿನ ಪಕ್ಕ ರೋಲರ್ ಮೇಲೆ ಇಪ್ಪತ್ತು ನಿಮಿಷ ತುಳಿದು ಮೈ ಬಿಸಿ ಮಾಡಿಕೊಂಡ. ಕಾಲಿಗೆ ಖಾರದ ಮುಲಾಮು. ಹಚ್ಚಿದ ಕೈ ಅಪ್ಪಿತಪ್ಪಿ ಕಣ್ಣಿಗೆ ಹೋದರೆ ಜೀರಿಗೆ ಮೆಣಸು ಹೆಚ್ಚಿದ ಕೈಯ ಕತೆಯೇ. ಶುರುವಿನ ಇನ್ನೂರು ಮೀಟರಿನಲ್ಲಿ ಹಿಂದುಳಿದವನಿಗೆ ಆಮೇಲೆ ಮುಂದೆ ನುಗ್ಗಲು ಜಾಗವಿಲ್ಲ, ಅದಕ್ಕೇ ಮೊದಲ ತಿರುವಿಗೆ ಎಲ್ಲರೂ ಹುಚ್ಚರಂತೆ ತುಳಿಯುತ್ತಾರೆ. ಅವನು ಹನ್ನೊಂದನೆಯವನಾಗಿ ತಿರುವು ದಾಟಿದ.

ಕೊಳಕು ಸೈಕಲ್ ಹಿಡಿಯುವುದು ಹೆಂಡತಿಯ ಕೆಲಸ, ತೊಳೆಯುವುದು ನನ್ನದು, ಹಿರಿಯರು ಮಡಚುವ ಕುರ್ಚಿಯಲ್ಲಿ ಕೂತು ನೋಡುವುದು ಎಂದು ಮಾತಾಗಿತ್ತು. ಮೊದಲ ಬದಲಾವಣೆಗೆ ನೋಡಿದರೆ ಕುರ್ಚಿ ಖಾಲಿ. ಎಡಗೈಗೆ ಗ್ಲೌಸು ಹಾಕಿಕೊಂಡು ಅವರು ಸೊಸೆಯ ಮುಂದೆ ನಿಂತಿದ್ದರು. ಮಗ ಇಳಿದು ಬಿಟ್ಟ ಸೈಕಲನ್ನು, ಅದು ಬೀಳುವ ಮೊದಲೇ, ಸೀಟಿನಲ್ಲಿ ಒಂದೇ ಕೈಗೆ ಹಿಡಿದರು. ಯಾರೂ ಏನೂ ಅನ್ನಲಿಲ್ಲ. ನಾನು ವಾಷರಿನ ಕಡೆ ಓಡಿದೆ. ಸರದಿಯಲ್ಲಿ ನನ್ನ ಮುಂದೆ ನಾಲ್ವರು. ನೀರು ಬೂಟಿನೊಳಗೆ ಇಳಿದು ಬೆರಳುಗಳು ಇವೆಯೋ ಇಲ್ಲವೋ ತಿಳಿಯದ ಸ್ಥಿತಿ. ಮೂರನೇ ಸುತ್ತಿಗೆ ಎಂಟನೆಯವನು, ನಾಲ್ಕಕ್ಕೆ ಆರನೆಯವನು.

ಆರರಲ್ಲೇ ಮುಗಿಯಿತು. ಕೊನೆಯ ಸುತ್ತಿನ ಮರಳಿನಲ್ಲಿ ಮುಂದಿನವನು ಇಳಿದು ಓಡಿದ, ಇವನು ತುಳಿದೇ ದಾಟಿದ, ಆದರೂ ಐದು ಮೀಟರ್ ಉಳಿಯಿತು. ಹೋದ ವರ್ಷ ಅವನು ಒಂಬತ್ತನೆಯವನು. ಗೆರೆ ದಾಟಿ ಹುಲ್ಲಿನ ಮೇಲೆ ಮಲಗಿದವನ ಮುಖದಲ್ಲಿ ಹಲ್ಲು ಮಾತ್ರ ಕಾಣುತ್ತಿತ್ತು. ಹಿರಿಯರು ಅವನತ್ತ ಹೋಗಲಿಲ್ಲ. ನನ್ನ ಕೈಯಲ್ಲಿದ್ದ ಎರಡನೇ ಸೈಕಲಿನ ಹಿಂದಿನ ಚಕ್ರ ಎತ್ತಿ ತಿರುಗಿಸಿ, ಕಿವಿ ಹತ್ತಿರ ಇಟ್ಟು ಕೇಳಿದರು. ಬೇರಿಂಗಿನೊಳಗೆ ಮರಳು ಹೋಗಿ ಕಿರಗುಟ್ಟುತ್ತಿತ್ತು. ಸೊಸೆಗೆ ಏನೋ ಹೇಳಿದರು, ಅವಳು ನನಗೆ ಇಂಗ್ಲಿಷಿನಲ್ಲಿ ಹೇಳಿದಳು: ಬದಲಾಯಿಸಬೇಕು, ಬುಧವಾರ ಏಳಕ್ಕೆ ಗ್ಯಾರೇಜಿಗೆ ಬಾ ಎನ್ನುತ್ತಿದ್ದಾರೆ.