ಗಡಿ ನೋಡಿ ಬರುವುದು

ತೋಟ ಕೊಳ್ಳಲು ಹೋದವರು ಮೊದಲು ನೋಡುವುದು ಅಡಿಕೆ ಮರವನ್ನಲ್ಲ, ಗಡಿಯನ್ನು. ಬೇಲಿ ಎಲ್ಲಿಂದ ಎಲ್ಲಿಗೆ, ಹಳ್ಳ ಯಾರ ಪಾಲಿಗೆ, ಮೂಲೆಯ ಹಲಸಿನ ಮರ ಒಳಗೋ ಹೊರಗೋ ಎಂದು ಒಂದು ಸುತ್ತು ಬಂದ ಮೇಲೆಯೇ ಜಗಲಿಯಲ್ಲಿ ಕೂತು ಕಾಫಿ ಕುಡಿಯುವುದು. ಶೃಂಗೇರಿಯ ಪಕ್ಕದ ಅಡ್ಡಗದ್ದೆಯಲ್ಲಿ ಹುಟ್ಟಿ ಬೆಳೆದ ನನ್ನ ಗಂಡ ಬೆಂಗಳೂರನ್ನು ನೋಡಲಿಕ್ಕೂ ಇದೇ ಕ್ರಮ ಹಿಡಿದರು.

ಹನುಮಂತನಗರದ ಮಹಡಿ ಮನೆಗೆ ಸಾಮಾನು ಇಳಿಸಿದ ವಾರದಲ್ಲೇ, ನೋಡಲೇಬೇಕಾದ ಜಾಗಗಳ ಪಟ್ಟಿ ನಾಲ್ಕು ದಿಕ್ಕಿನಿಂದ ಬಂದಿತ್ತು. ಇವರ ಆಫೀಸಿನವರು ಮಾಲ್‌ಗಳ ಹೆಸರು ಹೇಳಿದರು. ನನ್ನ ಚಿಕ್ಕಮ್ಮನ ಮಗ ವಂಡರ್‌ಲಾ ಬಿಟ್ಟರೆ ಬೆಂಗಳೂರಿನಲ್ಲಿ ನೋಡುವಂಥದ್ದೇ ಇಲ್ಲ ಎಂದ. ಕೆಳಗಿನ ಮನೆಯ ಓನರ್ ಅಮ್ಮ ಇಸ್ಕಾನ್, ಬನ್ನೇರುಘಟ್ಟ, ದೊಡ್ಡ ಗಣಪತಿ ಎಂದು ಬೆರಳು ಮಡಿಸಿದರು. ಇವರು ಎಲ್ಲರ ಮಾತಿಗೂ ತಲೆಯಾಡಿಸಿ ಮನೆಗೆ ಬಂದು, "ಮೊದ್ಲು ಗಡಿ ನೋಡುವ" ಎಂದರು.

ಬೆಂಗಳೂರಿಗೆಲ್ಲಿಯ ಗಡಿ ಎಂದು ನಾನು ನಕ್ಕೆ. ಇತ್ತಂತೆ. 1537ರಲ್ಲಿ ಕೆಂಪೇಗೌಡರು ಕಟ್ಟಿದ ಊರಿಗೆ ಅವರ ವಂಶದವರು ನಾಲ್ಕು ಕಡೆ ಗೋಪುರ ನಿಲ್ಲಿಸಿ, ಊರು ಇಷ್ಟರವರೆಗೆ ಬೆಳೆಯಲಿ ಎಂದರೆಂದು ಜನ ಹೇಳುತ್ತಾರೆ. ಒಂದು ಲಾಲ್‌ಬಾಗಿನ ಬಂಡೆಯ ಮೇಲೆ, ಒಂದು ಕೆಂಪಾಂಬುಧಿ ಕೆರೆಯ ಹತ್ತಿರ, ಒಂದು ಹಲಸೂರು ಕೆರೆಯ ಬಳಿ, ಇನ್ನೊಂದು ಮೇಖ್ರಿ ಸರ್ಕಲ್ ಪಕ್ಕದಲ್ಲಿ. ಗಡಿಕಲ್ಲು ರಾತ್ರೋರಾತ್ರಿ ಸರಿಯುವ ಸೀಮೆಯಿಂದ ಬಂದವರಿಗೆ, ಇಷ್ಟು ಶತಮಾನ ಕಳೆದರೂ ಕದಲದೆ ನಿಂತ ಗಡಿಕಲ್ಲು ಸಣ್ಣ ಆಕರ್ಷಣೆಯಲ್ಲ.

ಊರು ಬಿಟ್ಟದ್ದಕ್ಕೆ ಕಾರಣ ಉದ್ದಕ್ಕೆ ಹೇಳುವಂಥದ್ದೇನಿಲ್ಲ. ಶೃಂಗೇರಿ, ಕೊಪ್ಪದ ಕಡೆ ಹಳದಿ ಎಲೆ ರೋಗ ಹೊಕ್ಕ ತೋಟಗಳ ಮನೆಗಳಲ್ಲಿ ಈ ಕತೆ ಒಂದೇ ಬಗೆಯದು. ಮರ ನಿಂತಿರುತ್ತದೆ, ಅಡಿಕೆ ಕೊನೆ ಇರುವುದಿಲ್ಲ. ಮನೆಯಲ್ಲಿ ಹಿರಿಯರು ಉಳಿಯುತ್ತಾರೆ, ಕಿರಿಯರು ರಾತ್ರಿ ಬಸ್ಸು ಹತ್ತುತ್ತಾರೆ.

ಕೆಂಪಾಂಬುಧಿಯ ಗೋಪುರ ನಮ್ಮ ಮನೆಯಿಂದ ನಡೆದು ಹೋಗುವಷ್ಟೇ ದೂರ. ಗೋಪುರ ಎಂದಾಗ ನನ್ನ ಕಣ್ಣಲ್ಲಿದ್ದದ್ದು 2014ರಲ್ಲಿ ಶೃಂಗೇರಿಯಲ್ಲಿ ಉದ್ಘಾಟನೆಯಾದ ಏಳು ನೆಲೆಯ, 127 ಅಡಿಯ ರಾಜಗೋಪುರ. ಇಲ್ಲಿದ್ದದ್ದು ಕಲ್ಲುಕಂಬಗಳ ಮೇಲೆ ನಿಂತ ಪುಟ್ಟ ಮಂಟಪ, ನೆತ್ತಿಯಲ್ಲೊಂದು ಸಣ್ಣ ಶಿಖರ. ಇವರು ಅದರ ಸುತ್ತ ಬಂದು, ಬೆನ್ನು ಅದಕ್ಕೆ ಕೊಟ್ಟು ನಿಂತು, "ಈಚೆ ಒಳಗೆ, ಆಚೆ ಹೊರಗೆ" ಎಂದು ಕೈ ಬೀಸಿ ತೋರಿಸಿದರು. ಆ ಲೆಕ್ಕದಲ್ಲಿ ನಮ್ಮ ಬಾಡಿಗೆ ಮನೆ ಬೆಂಗಳೂರಿನ ಹೊರಗೆ ಬರುತ್ತದೆ ಎಂಬುದು ಇವರ ಸಿದ್ಧಾಂತ. ಬಾಡಿಗೆ ಮಾತ್ರ ಒಳಗಿನದು.

ಲಾಲ್‌ಬಾಗಿಗೆ ಹೋದ ದಿನ ಗೋಪುರ ನೋಡಿ ಬಂದುಬಿಡುವುದೆಂದೇ ಹೊರಟದ್ದು. ಇಡೀ ದಿನ ಅಲ್ಲೇ ಕಳೆಯಿತು. ಇಲ್ಲಿಯವರು ಲಾಲ್‌ಬಾಗ್ ಗುಡ್ಡ ಎನ್ನುವುದನ್ನು ನಾವು ನಗುತ್ತಲೇ ಹತ್ತಿದೆವು. ನರಸಿಂಹ ಪರ್ವತವನ್ನು ನೋಡಿ ಬೆಳೆದವರಿಗೆ ಇದು ಗುಡ್ಡವೆಂದರೆ ಒಪ್ಪಲು ಕಷ್ಟ. ಅರ್ಧ ಹತ್ತಿದಾಗ ಫಲಕ ಕಂಡಿತು. ಈ ಬಂಡೆ ಸುಮಾರು 300 ಕೋಟಿ ವರ್ಷದ್ದು, ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಇಲಾಖೆ ಇದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಸಾರಿದೆ. ಹಿಮಾಲಯ ಏಳತೊಡಗಿ ಐದು ಕೋಟಿ ವರ್ಷವೆಂದು ಶಾಲೆಯಲ್ಲಿ ಓದಿದ ನೆನಪಿತ್ತು. ಅದಕ್ಕಿಂತ ಅರವತ್ತು ಪಟ್ಟು ಹಳೆಯ ಕಲ್ಲಿನ ಮೇಲೆ ಹುಡುಗರು ಕಡಲೆಪುರಿ ತಿನ್ನುತ್ತ ಫೋಟೊ ತೆಗೆದುಕೊಳ್ಳುತ್ತಿದ್ದರು. ನಮ್ಮ ನಗು ಅಲ್ಲಿಗೆ ನಿಂತಿತು. ಬರಿಗಾಲಲ್ಲಿ ಹತ್ತಬೇಕಿತ್ತೇನೋ ಎಂದು ಇವರು ಮೆಲ್ಲಗೆ ಹೇಳಿದರು. ಬಿಸಿಲಿಗೆ ಕಲ್ಲು ಕಾದಿದ್ದರಿಂದ ನಾನು ಆ ಮಾತು ಮುಂದುವರಿಸಲಿಲ್ಲ.

ಹೈದರಾಲಿ 1760ರಲ್ಲಿ ಶುರುಮಾಡಿದ ತೋಟ ಈಗ 240 ಎಕರೆ. ಎಕರೆಯ ಲೆಕ್ಕ ಬಂದ ಕೂಡಲೇ ಇವರ ತಲೆಯಲ್ಲಿ ಗೊಬ್ಬರ, ಆಳು, ನೀರಿನ ಲೆಕ್ಕ ಓಡತೊಡಗುತ್ತದೆ. ಗಾಜಿನ ಮನೆಯ ಎದುರು ಕೂತೆವು. 1889ರಲ್ಲಿ ಅಡಿಗಲ್ಲು ಹಾಕಿದ್ದು, ಎರಕದ ಕಬ್ಬಿಣದ ಕಂಬ ಕಮಾನುಗಳು ಗ್ಲಾಸ್ಗೋದಿಂದ ಹಡಗಿನಲ್ಲಿ ಬಂದವಂತೆ. ಆದರೆ ನನ್ನನ್ನು ಹಿಡಿದು ನಿಲ್ಲಿಸಿದ್ದು ಮರಗಳ ಮೇಲಿನ ಹೆಸರಿನ ಫಲಕಗಳು. ಊರಲ್ಲಿ ಹೆಸರು ಗೊತ್ತಿಲ್ಲದ ಮರದ ಕೆಳಗೂ ಜೀವಮಾನ ಕಳೆಯುತ್ತೇವೆ. ಇಲ್ಲಿ ಗೊತ್ತಿದ್ದ ಮರವನ್ನೂ ಹತ್ತಿರ ಹೋಗಿ, ಫಲಕ ಓದಿ, ಓಹೋ ಇದು ಅದೇ ಎಂದು ಖಾತ್ರಿ ಮಾಡಿಕೊಳ್ಳುತ್ತಿದ್ದೆ. ಹಲಸಿನ ಮರಕ್ಕೆ ಕೂಡ!

ಹೀಗೆ ನಿಂತು ನೋಡುವುದು ನಮಗೆ ಹೊಸ ಅಭ್ಯಾಸ. ಶೃಂಗೇರಿಯ ಪಕ್ಕದಲ್ಲಿದ್ದೂ ನಾವು ಶೃಂಗೇರಿಯನ್ನು ನೋಡಿದವರಲ್ಲ, ತೋರಿಸಿದವರು. ನೆಂಟರು ಬಂದಾಗ ಶಾರದಾಂಬೆಯ ಗುಡಿ, ತುಂಗೆಯ ಮೆಟ್ಟಿಲಿನಲ್ಲಿ ಮೀನುಗಳಿಗೆ ಮಂಡಕ್ಕಿ, ಕಪ್ಪೆಗೆ ಹಾವು ಹೆಡೆಯ ನೆರಳು ಹಿಡಿದ ಕಪ್ಪೆ ಶಂಕರ, ವಿದ್ಯಾಶಂಕರ ದೇವಸ್ಥಾನದ ಹನ್ನೆರಡು ರಾಶಿಕಂಬ, ಹೊತ್ತಿದ್ದರೆ ಕಿಗ್ಗ ಮತ್ತು ಸಿರಿಮನೆ ಜಲಪಾತ. ಪಾಠ ಬಾಯಿಗೆ ಬಂದಿದೆ. ಹೊರನಾಡು, ಶೃಂಗೇರಿ, ಧರ್ಮಸ್ಥಳ, ಸುಬ್ರಹ್ಮಣ್ಯ ಎಂದು ಎರಡು ದಿನದಲ್ಲಿ ಸುತ್ತಿಸುವ ಬಸ್ಸುಗಳು ಬಂದು ನಿಂತಾಗ, ಒಂದು ಗಂಟೆಯಲ್ಲಿ ಏನು ಕಂಡಾರು ಇವರು ಎಂದು ಅಂಗಡಿಯ ಕಟ್ಟೆಯಲ್ಲಿ ಕೂತವರೆಲ್ಲ ಅನ್ನುವುದುಂಟು. ಆದರೆ ಆ ಒಂದು ಗಂಟೆಯಲ್ಲಿ ಅವರು ಕತ್ತೆತ್ತಿ ನೋಡಿದಷ್ಟು ನಾವು ನೋಡಿಲ್ಲ. ರಾಶಿಕಂಬದಲ್ಲಿ ಸಿಂಹದ ಬಾಯೊಳಗೆ ಉರುಳುವ ಕಲ್ಲಿನ ಗುಂಡಿದೆ ಎಂದು ನಾನೇ ನೂರಾರು ಮಂದಿಗೆ ಹೇಳಿದ್ದೇನೆ. ಕತ್ತೆತ್ತಿ ಸರಿಯಾಗಿ ನೋಡುವ ತಾಳ್ಮೆ ಮಾತ್ರ ನನಗೆ ಬಂದದ್ದು ಗವಿಗಂಗಾಧರೇಶ್ವರನ ಎದುರಿನ ಕಲ್ಲಿನ ಸೂರ್ಯಪಾನ, ಚಂದ್ರಪಾನ ನೋಡಲು ಗವಿಪುರಕ್ಕೆ ಹೋದ ಮೇಲೆ.

ಈ ಓಡಾಟಕ್ಕೆಲ್ಲ ಖರ್ಚು ಎಷ್ಟು ಎಂದು ಮಾವ ಫೋನಿನಲ್ಲಿ ಕೇಳುತ್ತಿದ್ದರು. ಅರ್ಧ ಎಂದು ನನ್ನ ಉತ್ತರ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ನಾನು ಬಿಎಂಟಿಸಿಯಲ್ಲಿ ಆಧಾರ್ ತೋರಿಸಿ ಶೂನ್ಯ ಟಿಕೆಟ್ ಹಿಡಿದು ಕೂರುತ್ತೇನೆ. ಇವರು ದುಡ್ಡು ಕೊಟ್ಟು, ಅನೇಕ ಸಲ ನಿಂತು ಬರುತ್ತಾರೆ. ಎ.ಸಿ. ಇರುವ ವಜ್ರ ಬಸ್ಸಿಗೆ ಈ ಯೋಜನೆ ಇಲ್ಲ. ಆದ್ದರಿಂದ ಅದು ಎದುರಿಗೆ ಬಂದು ನಿಂತರೂ ನಾನು ಮುಖ ಆಚೆ ತಿರುಗಿಸುತ್ತೇನೆ. ವಾರದ ದಿನಗಳಲ್ಲಿ ಇವರು ಆಫೀಸಿಗೆ ಹೋದ ಮೇಲೆ ನಾನೊಬ್ಬಳೇ ಮೆಜೆಸ್ಟಿಕ್ಕಿಗೆ ಹೋಗಿ, ಬೋರ್ಡು ಓದಿ, ಮನಸ್ಸಿಗೆ ಬಂದ ಬಸ್ಸು ಹತ್ತಿ, ಕೊನೆಯ ಸ್ಟಾಪಿನವರೆಗೆ ಹೋಗಿ, ಅದೇ ಬಸ್ಸಿನಲ್ಲಿ ವಾಪಸು ಬಂದದ್ದುಂಟು. ಅಡ್ಡಗದ್ದೆಯಲ್ಲಿ ಕಾರಣವಿಲ್ಲದೆ ಬಸ್ಸು ಹತ್ತಿದ ಹೆಂಗಸೆಂದರೆ ಮೂರು ಮನೆಗೆ ಉತ್ತರ ಹೇಳಬೇಕು.

ಹಲಸೂರಿನ ಗೋಪುರದ ಬಗ್ಗೆ ಹೇಳುವುದು ಹೆಚ್ಚಿಲ್ಲ. ನೋಡಿದೆವು, ಇವರು ತಲೆಯಾಡಿಸಿದರು, ಕೆರೆಯ ಗಾಳಿ ಚೆನ್ನಾಗಿತ್ತು. ಬರುತ್ತ ಕಬ್ಬನ್ ಪಾರ್ಕಿನಲ್ಲಿ ಇಳಿದೆವು. ಎಂಜಿನಿಯರ್ ಸ್ಯಾಂಕಿ 1870ರಲ್ಲಿ ರೂಪಿಸಿದ ಪಾರ್ಕು. ಒಂದು ಮಗ್ಗುಲಲ್ಲಿ ಕೆಂಪು ಬಣ್ಣದ ಹೈಕೋರ್ಟು, ಅದರಾಚೆ ವಿಧಾನಸೌಧ. ಭಾನುವಾರವಾದ್ದರಿಂದ ಒಳಗಿನ ರಸ್ತೆಗಳಲ್ಲಿ ವಾಹನವಿರಲಿಲ್ಲ. ಬಿದಿರು ಮೆಳೆಯ ಹತ್ತಿರ ಬಂದಾಗ ಎಲ್ಲರೂ ಮೇಲೆ ನೋಡುತ್ತಿದ್ದರೆ ಇವರು ಬಗ್ಗಿ ಬುಡ ನೋಡುತ್ತಿದ್ದರು. ಏನು ಹುಡುಕುತ್ತಿದ್ದಾರೆಂದು ನನಗೆ ಕೇಳಬೇಕಿರಲಿಲ್ಲ. "ಕಳಲೆ ಎದ್ರೂ ಇಲ್ಲಿ ಮುರಿಯೋ ಹಾಂಗಿಲ್ಲ" ಎಂದೆ.

ಆಮೇಲೆ ಒಂದು ಬೆಂಚಿನ ಮೇಲೆ ಕೂತೆವು. ಸುತ್ತ ಎಲ್ಲ ಬೆಂಚುಗಳಲ್ಲೂ ಜೋಡಿಗಳು, ನಮಗಿಂತ ಹತ್ತು ಹದಿನೈದು ವರ್ಷ ಚಿಕ್ಕವರು, ಮುಗಿಯದಷ್ಟು ಮಾತು ಇದ್ದವರು. ನಾವು ಸುಮ್ಮನಿದ್ದೆವು. ಮದುವೆಯಾಗಿ ಇಷ್ಟು ವರ್ಷದಲ್ಲಿ ಹಾಡುಹಗಲಲ್ಲಿ ಇಬ್ಬರೇ ಒಂದು ಕಡೆ ಕೆಲಸವಿಲ್ಲದೆ ಕೂತ ನೆನಪು ನನಗಿಲ್ಲ. ಊರಲ್ಲಿ ಕೂತರೆ ಎದುರಿಗೆ ಅಡಿಕೆ ಸುಲಿಯುವುದಿರುತ್ತದೆ, ಇಲ್ಲವೇ ಅತ್ತೆ ಇರುತ್ತಾರೆ, ಇಲ್ಲವೇ ದನ ಕೂಗುತ್ತದೆ. ಮಾತೆಂದರೆ ಹಾಲು, ಆಳು, ಮಳೆ, ಕೊಳೆ ಔಷಧಿ. ಬಹಳ ಹೊತ್ತಿನ ಮೇಲೆ ಇವರು ನಿನಗೆ ಯಾವ ಬಣ್ಣ ಇಷ್ಟ ಎಂದು ಕೇಳಿದರು. ನನಗೆ ನಗು ತಡೆಯಲಾಗಲಿಲ್ಲ, ಇವರಿಗೆ ಸಿಟ್ಟು ಬಂತು. ಈ ಪ್ರಶ್ನೆಯನ್ನು ಹೆಣ್ಣು ನೋಡಲು ಬಂದ ದಿನ ಕೇಳಬೇಕಿತ್ತು. ಅವತ್ತು ಮಾತಾಡಿದ್ದೆಲ್ಲ ಮಾವ. ನೇರಳೆ ಎಂದೆ. ಯಾವ ನೇರಳೆ, ಹಣ್ಣಿನದೋ ಬದನೆಕಾಯಿಯದೋ ಎಂದು ಮತ್ತೆ ಕೇಳಿದರು. ಬೆಂಗಳೂರಿನ ಆಕರ್ಷಣೆಗಳ ಯಾವ ಪಟ್ಟಿಯಲ್ಲೂ ಈ ಬೆಂಚಿಲ್ಲ. ನನ್ನನ್ನು ಕೇಳಿದರೆ ವಿಧಾನಸೌಧಕ್ಕಿಂತ ಮೇಲೆ ಬರೆಯುತ್ತೇನೆ.

ಸಿಟಿ ಮಾರ್ಕೆಟ್ಟಿನಲ್ಲಿ ಸೇವಂತಿಗೆ, ಚೆಂಡುಹೂವಿನ ರಾಶಿಗಳ ನಡುವೆ ನಾನು ಕಳೆದುಹೋದಷ್ಟು ಹೊತ್ತು ಇವರು ಅಡಿಕೆ ಅಂಗಡಿಯ ಎದುರು ನಿಂತಿದ್ದರು. ಅಂಗಡಿಯವನು ಹಸ, ಅಂದರೆ ಮೇಲು ದರ್ಜೆಯದು, ಎಂದು ಕೊಟ್ಟ ಚೂರನ್ನು ಬಾಯಿಗೆ ಹಾಕಿ, ಒಂದು ಸಲ ಕಡಿದು, "ಹಸ ಅಂದ್ರಲ್ಲ, ಇದು ಗೊರಬಲು" ಎಂದರು. ಅವನು ಇವರನ್ನು ಮೇಲಿಂದ ಕೆಳಗೆ ನೋಡಿ, "ಯಾವೂರು ಸಾರ್?" ಎಂದ. ಇಷ್ಟು ದೊಡ್ಡ ಊರಲ್ಲಿ ಇವರು ಪೂರ್ತಿ ಬಲ್ಲ ವಸ್ತು ಕೊನೆಗೂ ಸಿಕ್ಕಿತ್ತು. ಶಿವನಸಮುದ್ರದ ಕರೆಂಟಿನಿಂದ ಬೆಂಗಳೂರಿನ ಬೀದಿದೀಪ ಮೊದಲು ಹೊತ್ತಿದ್ದು 1905ರಲ್ಲಿ, ಇದೇ ಮಾರ್ಕೆಟ್ಟಿನ ಆಸುಪಾಸಿನಲ್ಲಿ ಎಂದು ನಾನು ಓದಿ ತಿಳಿದದ್ದನ್ನು ಹೇಳಲು ಹೋದರೆ ಕೇಳುವ ಸ್ಥಿತಿಯಲ್ಲಿರಲಿಲ್ಲ. ಇಬ್ಬರೂ ಧಾರಣೆಗೆ ಇಳಿದಿದ್ದರು.

ಮೇಖ್ರಿ ಸರ್ಕಲ್ಲಿನ ಗೋಪುರಕ್ಕೆ ಹೋಗಿದ್ದು ಕೊನೆಗೆ. ಬಳ್ಳಾರಿ ರಸ್ತೆಯಲ್ಲಿ ವಿಮಾನ ನಿಲ್ದಾಣದ ಕಡೆಗೆ ಕಾರುಗಳು ಬಿಡುವಿಲ್ಲದೆ ಓಡುತ್ತಿದ್ದವು. ಅವು ಓಡುವ ದಾರಿಯ ತುದಿಯಲ್ಲಿ 2022ರಿಂದ 108 ಅಡಿಯ ಕಂಚಿನ ಕೆಂಪೇಗೌಡರು ನಿಂತಿದ್ದಾರೆ. ಗಡಿಯ ಆಚೆ ಮೂವತ್ತು ಕಿಲೋಮೀಟರಿನಷ್ಟು ದೂರ! ಊರು ಇದರೊಳಗೇ ಇರಲಿ ಎಂದವರ ಕುಲದ ಹಿರಿಯರನ್ನೇ ಬೆಂಗಳೂರು ಬೇಲಿಯ ಹೊರಗೆ ಕರೆದೊಯ್ದು ನಿಲ್ಲಿಸಿದೆ. ಸರ್ವೆಯವರನ್ನು ಕರೆಸಬೇಕಿತ್ತು ಎಂದರು ಇವರು.

ದೀಪಾವಳಿ ಕಳೆದ ಮೇಲೆ ಅತ್ತೆ ಮಾವ ಬಂದರು. ಈಗ ತೋರಿಸುವ ಸರದಿ ನಮ್ಮದು. ಶೃಂಗೇರಿಗೆ ರೈಲಿಲ್ಲ, ಅತ್ತೆಗೆ ರೈಲು ಹತ್ತುವ ಪ್ರಸಂಗ ಬಂದೇ ಇರಲಿಲ್ಲ. ಹಾಗಾಗಿ ಅವರು ಜೀವಮಾನದಲ್ಲಿ ಹತ್ತಿದ ಮೊದಲ ರೈಲು ನೆಲದಡಿ ಓಡುವಂಥದ್ದಾಯಿತು. ನ್ಯಾಷನಲ್ ಕಾಲೇಜು ನಿಲ್ದಾಣದಲ್ಲಿ ಕೂತವರು ಮೆಜೆಸ್ಟಿಕ್ ಬರುವವರೆಗೆ ಕಿಟಕಿಗೆ ಮುಖ ಒತ್ತಿ, "ಎಂತ ಮಾರಾಯ್ತಿ, ಬರೀ ಕತ್ಲೆ" ಎಂದು ದೂರಿದರು. ಬಾಗಿಲು ತಾನಾಗಿ ತೆರೆದದ್ದು ಮಾತ್ರ ಬಹಳ ಇಷ್ಟವಾಯಿತು. ವಿದ್ಯಾರ್ಥಿ ಭವನದಲ್ಲಿ ಹೆಸರು ಬರೆಸಿ ಕಾದು ಕೂತದ್ದು ಮಾವನಿಗೆ ಸರಿಬರಲಿಲ್ಲ, ದುಡ್ಡು ಕೊಟ್ಟು ತಿನ್ನುವುದಕ್ಕೆ ಪಾಳಿ ಏಕೆ ಎಂದು. ದೋಸೆ ಬಂದ ಮೇಲೆ ಸುಮ್ಮನಾದರು. ಇನ್ನೊಂದು ಹೇಳಿದರು.

ಲಾಲ್‌ಬಾಗಿನ ಗಾಜಿನ ಮನೆಯನ್ನು ಮಾವ ಒಳಗಿನಿಂದ ನೋಡಿ, ಹೊರಗಿನಿಂದ ನೋಡಿ, "ಈ ಮಾಡಿಗೆ ನಮ್ಮ ಆಷಾಢದ ಒಂದು ಗಾಳಿ ಸಾಕು" ಎಂದರು. ಬೆಂಗಳೂರಿಗೆ ವರ್ಷವಿಡೀ ಬೀಳುವ ಮಳೆ ಸುಮಾರು 970 ಮಿಲಿಮೀಟರ್ ಎಂದು ಇವರು ಹೇಳಿದಾಗ ಮಾವ ಕನಿಕರದಿಂದ ತಲೆಯಾಡಿಸಿದರು. ಜೋರು ಮಳೆಗಾಲವಾದರೆ ಅದು ನಮ್ಮಲ್ಲಿ ಒಂದು ತಿಂಗಳ ಲೆಕ್ಕ. ಬಂಡೆಯನ್ನು ಅತ್ತೆ ನಮಗಿಂತ ಮೊದಲು ಹತ್ತಿ ಮುಗಿಸಿ ಗೋಪುರದ ಕಂಬಕ್ಕೊರಗಿ ಎಲೆಯಡಿಕೆಯ ಚೀಲ ಬಿಚ್ಚಿದ್ದರು. "ಇಲ್ಲಿಗೆ ಮುಗೀತಾ ಊರು?" ಎಂದು ಕೇಳಿದರು. ಸುತ್ತ ಕಟ್ಟಡಗಳು, ಕಣ್ಣು ಹೋದಷ್ಟೂ ಕಟ್ಟಡಗಳು. ಮಗ ಗಡಿಯ ಕತೆಯನ್ನು ಮೊದಲಿನಿಂದ ಶುರುಮಾಡಿದ. ಕಪ್ಪೆ ಶಂಕರನ ಕತೆ ಹೇಳುವಾಗಿನ ಅದೇ ದನಿ, ಅದೇ ಕಡೆ ನಿಲ್ಲಿಸಿ ಉಸಿರೆಳೆಯುವುದು.

ಆ ರಾತ್ರಿ ಅತ್ತೆ ಕೆಳಗಿನ ಮನೆಗೆ ಹಲಸಿನ ಹಪ್ಪಳ, ಅಪ್ಪೆಮಿಡಿ ಉಪ್ಪಿನಕಾಯಿ ಕೊಡಲು ಹೋದವರು ಬಂಡೆ ಹತ್ತಿದ ವರದಿಯನ್ನೆಲ್ಲ ಒಪ್ಪಿಸಿ ಬಂದರು. ಮರುದಿನ ಬಟ್ಟೆ ಹರವುತ್ತಿದ್ದಾಗ ಓನರ್ ಅಮ್ಮ ಮಹಡಿಗೇ ಬಂದರು. "ಚಾಮರಾಜಪೇಟೇಲೇ ಹುಟ್ಟಿದವಳಮ್ಮಾ ನಾನು. ಫ್ಲವರ್ ಶೋಗೆ ಪ್ರತಿ ಸಲ ಹೋಗ್ತೀನಿ. ಆ ಬಂಡೆ ಮಾತ್ರ ಹತ್ತೇ ಇಲ್ಲ, ಯಾವತ್ತಾದ್ರೂ ಹತ್ತಿದ್ರಾಯ್ತು ಅಂತ." ನಮ್ಮತ್ತೆಗಿಂತ ನಾಲ್ಕೈದು ವರ್ಷ ಚಿಕ್ಕವರಿರಬೇಕು. ಮಂಡಿ ನೋವಿದೆ, ಯಾವ ಗೇಟಿನಿಂದ ಹೋದರೆ ಸಲೀಸು ಎಂದು ನನ್ನನ್ನು ಕೇಳಿದರು. ಡಬಲ್ ರೋಡಿನ ಗೇಟು, ಬಿಸಿಲೇರುವ ಮೊದಲೇ ಹೋಗಬೇಕು, ಆಧಾರ್ ಕಾರ್ಡ್ ಮರೆಯಬೇಡಿ ಎಂದೆ.